ದನದಾಸ್ಪತ್ರೆ ಯತ್ತಪ್ಪನ ಖಾಕಿ

ಯತ್ತಪ್ಪನಿಗೆ ದನದ ಆಸ್ಪತ್ರೆಯಲ್ಲಿ ಜವಾನನ ಕೆಲಸ ಸಿಕ್ಕಿತೆಂದಾಗ ಅವನ ಹಟ್ಟಿಯಲ್ಲಿ ಯಾರೂ ಬೆರಗಾಗಲಿಲ್ಲ. ಅದು ಹುಲಿಕುಂಟೆ ಕಡೆಯ ಗೊಲ್ಲರ ಹಟ್ಟಿ. ಹುಟ್ಟಿದಂದಿನಿಂದ ಕುರಿಗಳ ನಡುವೆಯೇ ಮಲಗಿ ಎದ್ದವನಿಗೆ, ಕುರಿಯ ಬಾಯಿ ಬಿಡಿಸಿ ಔಷಧ ಹಾಕುವುದಕ್ಕೆ ಸಂಬಳ ಬೇರೆ ಕೊಡುತ್ತಾರೆಂದರೆ ಸರ್ಕಾರದವರಿಗೆ ಬೇರೆ ಕೆಲಸವಿಲ್ಲ ಎಂದು ನಕ್ಕರು. ಯತ್ತಪ್ಪ ನಗಲಿಲ್ಲ. ಅವನು ಏಳನೆಯ ತರಗತಿ ಪಾಸಾದವನು, ತೆಳ್ಳಗೆ ಉದ್ದಕ್ಕೆ ಬೆಳೆದವನು, ಯಾರಾದರೂ ತನ್ನನ್ನು ಬಹುವಚನದಲ್ಲಿ ಮಾತಾಡಿಸಲಿ ಎಂದು ಬಹಳ ದಿನದಿಂದ ಆಸೆಪಟ್ಟವನು. ಆ ಆಸೆ ತಪ್ಪೆಂದು ಯಾರೂ ಹೇಳಬೇಕಾಗಿಲ್ಲ. ಹೇಳುವವರಿಗೂ ಅದು ಇದ್ದೇ ಇರುತ್ತದೆ.

ಆಸ್ಪತ್ರೆ ಇದ್ದದ್ದು ಸಿರಾದಿಂದ ಪಾವಗಡಕ್ಕೆ ಹೋಗುವ ದಾರಿಯ ಒಂದು ಊರಿನಲ್ಲಿ. ಊರಿನ ಹೆಸರು ಬೇಡ, ಇದರಲ್ಲಿ ಬರುವವರ ಮಕ್ಕಳುಮರಿ ಅಲ್ಲೇ ಇದ್ದಾರೆ. ಎರಡು ಕೋಣೆ, ದನ ಕಟ್ಟಿ ನಿಲ್ಲಿಸಲು ಅಂಗಳದಲ್ಲಿ ಒಂದು ಮರದ ಚೌಕಟ್ಟು, ಒಬ್ಬ ಡಾಕ್ಟರು, ಒಬ್ಬ ಜವಾನ. ಡಾಕ್ಟರು ನಾಗಲಿಂಗಯ್ಯನವರು ಕೊರಟಗೆರೆ ಕಡೆಯವರು, ಮಾತಿಗೆ ಮುಂಚೆ ಸಿಡುಕುವವರು, ಸಿಡುಕಿದ ಮೇಲೆ ತಾವೇ ಕಾಫಿ ತರಿಸಿಕೊಡುವವರು. ಊರ ಬೆನ್ನಿಗೆ ಕರೇಕಲ್ಲು ಗುಡ್ಡ. ಗುಡ್ಡದ ಆಚೆ ಮಗ್ಗುಲಿಗೆ ನಾಲ್ಕಾರು ಗೊಲ್ಲರ ಹಟ್ಟಿಗಳು. ಅವುಗಳಲ್ಲಿ ಒಂದಕ್ಕೆ ಯತ್ತಪ್ಪನ ಅಕ್ಕ ಪುಟ್ಟಕ್ಕನನ್ನು ಕೊಟ್ಟಿದ್ದರು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಅವಳೇ. ಸರ್ಕಾರಿ ಕೆಲಸ ಬಂದರೂ ಅವಳ ಬಾಯಲ್ಲಿ ಅವನು "ಲೇ ಯತ್ತ" ಆಗಿಯೇ ಉಳಿದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಡಾಕ್ಟರು ಅವನನ್ನು ಔಷಧದ ಪೆಟ್ಟಿಗೆ ತರಲು ಸಿರಾಕ್ಕೆ ಕಳಿಸಿದರು. ಯತ್ತಪ್ಪ ಪಂಚೆ ಉಟ್ಟು ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡು ಹೋದ. ಬರುವಾಗ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ. ಕಂಡಕ್ಟರು ಬಂದು ಅವನನ್ನು ಮೇಲಿಂದ ಕೆಳಕ್ಕೆ ನೋಡಿದ.

"ಏ ಕಂಬ್ಳಿ, ಎದ್ದು ಹಿಂದಕ್ಕೆ ಹೋಗು. ಕುರಿ ವಾಸ್ನೆಗೆ ಮುಂದ್ಲೋರು ವಾಂತಿ ಮಾಡ್ಕಂಡಾರು."

"ನಾನು ಗವರ್ಮೆಂಟ್ ಕೆಲ್ಸದಾಗಿವ್ನಿ ಸಾ" ಎಂದ ಯತ್ತಪ್ಪ.

"ನೀನು ಗವರ್ಮೆಂಟಾದ್ರೆ ನಾನು ಮಿನಿಸ್ಟ್ರು. ಏಳ್ಲಾ ಮೇಲೆ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ಯತ್ತಪ್ಪ ಪೆಟ್ಟಿಗೆ ಎತ್ತಿಕೊಂಡು ಹಿಂದೆ ಹೋಗಿ ನಿಂತ, ಊರು ಬರುವ ತನಕ ನಿಂತೇ ಇದ್ದ. ಇಳಿದ ಮೇಲೆ ಯಾರೂ ನೋಡದ ಕಡೆ, ಹುಣಸೆಮರದ ಹಿಂದೆ ಹೋಗಿ, ತನ್ನ ಕಂಬಳಿಯನ್ನು ತಾನೇ ಮೂಸಿ ನೋಡಿದ. ಅವನಿಗೇನೂ ವಾಸನೆ ಬರಲಿಲ್ಲ. ಅದರಿಂದ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. ಅಂದರೆ ತನಗೆ ಗೊತ್ತೇ ಆಗದಂತೆ ಇಷ್ಟು ವರ್ಷ ನಾತ ಹೊಡೆಯುತ್ತ ತಿರುಗಿದ್ದೇನೆ ಎಂದುಕೊಂಡ.

ಜವಾನರಿಗೆ ಸರ್ಕಾರ ವರ್ಷಕ್ಕೊಮ್ಮೆ ಖಾಕಿ ಬಟ್ಟೆ ಕೊಡುತ್ತಿತ್ತು. ಅವನಿಗಿಂತ ಹಿಂದೆ ಇದ್ದ ಜವಾನ ಚೌಡಯ್ಯ ಅದರಲ್ಲಿ ದಿಂಬಿನ ಚೀಲ ಹೊಲಿಸಿ, ಮಿಕ್ಕಿದ್ದನ್ನು ಮಕ್ಕಳ ಚಡ್ಡಿಗೆ ಹಚ್ಚಿ ಆರಾಮಾಗಿದ್ದ. ಕೇಳುವವರು ಯಾರೂ ಇರಲಿಲ್ಲ. ಯತ್ತಪ್ಪ ಮಾತ್ರ ತನ್ನ ಪಾಲಿನ ಬಟ್ಟೆ ಬಂದ ದಿನವೇ ಸಿರಾದ ಅಹಮದ್ ಷರೀಫರ ಅಂಗಡಿಗೆ ಹೋದ. ಷರೀಫರು ಕೊರಳಿಗೆ ಟೇಪು ಹಾಕಿಕೊಂಡು ಮಷಿನ್ನಿನ ಮುಂದೆ ಕೂತಿದ್ದರು.

"ಯಾವ ಡಿಪಾರ್ಟ್‌ಮೆಂಟು ಭಾಯಿ?"

ಅಂಗಡಿಯಲ್ಲಿ ಇನ್ನಿಬ್ಬರು ಕಾಯುತ್ತ ಕೂತಿದ್ದರು. ಅವರ ಮುಂದೆ ದನದ ಆಸ್ಪತ್ರೆ ಎನ್ನಲು ಯತ್ತಪ್ಪನಿಗೆ ನಾಲಿಗೆ ಏಳಲಿಲ್ಲ.

"ಗವರ್ಮೆಂಟು" ಎಂದ.

"ಗವರ್ಮೆಂಟ್ ಅಂದ್ರೆ ಭುಜಕ್ಕೆ ಪಟ್ಟಿ, ಜೇಬಿಗೆ ಮುಚ್ಚಳ. ಪೊಲೀಸ್ರಿಗೂ ಅದೇ, ಫಾರೆಸ್ಟ್ನೋರಿಗೂ ಅದೇ, ನಿಮಗೂ ಅದೇ ಹೊಲೀತೀನಿ. ತೊಟ್ಕೊಂಡು ಕನ್ನಡಿ ಮುಂದೆ ನಿಂತ್ರೆ ನಿಮಗೆ ನೀವೇ ಸಲಾಮ್ ಹೊಡ್ಕೋತೀರಿ, ನೋಡ್ತಾ ಇರಿ."

ಷರೀಫರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಹೊಲಿಗೆಯ ಮಡಿಕೆ ಮುರಿಯದ ಖಾಕಿ ತೊಟ್ಟು ಬಸ್ಸು ಹತ್ತಿದ ಯತ್ತಪ್ಪನಿಗೆ ಅದೇ ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಟ್ಟ. ಹೋಟೆಲಿನವನು ಕೇಳದೆಯೇ ಎರಡನೆಯ ಸಲ ಸಾಂಬಾರು ಬಡಿಸಿದ. ಕೆಲಸದಲ್ಲೂ ಬಟ್ಟೆ ಅವನನ್ನು ಬದಲಾಯಿಸಿತು, ಇದನ್ನು ಮುಚ್ಚಿಡಬಾರದು. ಮೊದಲು ಹೋರಿ ತಂದವರು ಅವನ ಮಾತು ಕೇಳದೆ ತಾವೇ ಹಗ್ಗ ಜಗ್ಗಾಡಿ ಒದೆಸಿಕೊಳ್ಳುತ್ತಿದ್ದರು. ಈಗ ಅವನು ನಿಲ್ಲು ಎಂದರೆ ಹೋರಿಯೂ ನಿಲ್ಲುತ್ತಿತ್ತು, ಅದರ ಯಜಮಾನನೂ ನಿಲ್ಲುತ್ತಿದ್ದ. ಬೆಳಗ್ಗೆ ಹೊತ್ತಿಗೆ ಮುಂಚೆ ಬಂದು ಬಾಗಿಲು ತೆಗೆಯುತ್ತಿದ್ದ, ಸಿರಿಂಜು ಕುದಿಸಿ ಇಡುತ್ತಿದ್ದ, ಬೆನ್ನು ನೆಟ್ಟಗೆ ಮಾಡಿ ನಡೆಯುತ್ತಿದ್ದ.

ನಾಗಲಿಂಗಯ್ಯನವರು ಒಮ್ಮೆ ಅವನ ಭುಜದ ಪಟ್ಟಿಯನ್ನು ಬೆರಳಲ್ಲಿ ಮೀಟಿ, "ಇದೇನಯ್ಯ, ದರೋಡೆಕೋರರನ್ನ ಹಿಡಿಯೋಕೆ ಹೊರಟಿದ್ದೀಯಾ? ಜವಾನನಿಗೆ ಇದೆಲ್ಲ ಇರೋದಿಲ್ಲ, ಕೀಳಿಸು" ಎಂದರು. ಯತ್ತಪ್ಪ ಹ್ಞೂಂ ಎಂದ, ಕೀಳಿಸಲಿಲ್ಲ. ಅವನು ಕೆಲಸ ಚೆನ್ನಾಗಿ ಮಾಡುತ್ತಿದ್ದುದರಿಂದ ಅವರೂ ಮತ್ತೆ ಕೇಳಲಿಲ್ಲ.

ಅಕ್ಕನ ಹಟ್ಟಿಗೆ ಹೋಗುವಾಗ ಮಾತ್ರ ಅವನು ಪಂಚೆ ಉಡುತ್ತಿದ್ದ. ಪುಟ್ಟಕ್ಕ ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ಭಾವ ದಾಸಣ್ಣ ಹಟ್ಟಿಯ ಹೈಕಳನ್ನೆಲ್ಲ ಕರೆದು ತೋರಿಸುತ್ತಾನೆ ಎಂಬ ಭಯ.

ಕೇಡು ಶುರುವಾದದ್ದು ಗುಡ್ಡದ ಮೇಲೆ. ಕರೇಕಲ್ಲು ಗುಡ್ಡದ ಅರ್ಧಕ್ಕೆ ಫಾರೆಸ್ಟಿನವರು ಆಗಷ್ಟೇ ನೀಲಗಿರಿ ಸಸಿ ನೆಟ್ಟು, ಕುರಿ ಬಿಡಕೂಡದೆಂದು ಕಟ್ಟುಮಾಡಿದ್ದರು. ಸಿಕ್ಕಿಬಿದ್ದ ಕುರಿಗಳನ್ನು ದೊಡ್ಡಿಗೆ ಕೂಡಿ ದಂಡ ಹಾಕುತ್ತಾರೆಂದು ಹಟ್ಟಿಯವರಿಗೆ ಹೆದರಿಕೆ. ಆದರೆ ಅಲ್ಲಿಯ ಗಾರ್ಡು ಪಿಂಚಣಿಗೆ ಹತ್ತಿರವಾದ ಸಾಧು ಮನುಷ್ಯ, ಮಂಡಿನೋವು ಬೇರೆ. ಅವನು ಗುಡ್ಡ ಹತ್ತಿದ್ದನ್ನು ಕಂಡವರು ಕಡಿಮೆ, ಅವನ ಮುಖದ ಗುರುತು ಇದ್ದವರು ಇನ್ನೂ ಕಡಿಮೆ. ಒಂದು ಮಧ್ಯಾಹ್ನ ಯತ್ತಪ್ಪ ಆಚೆ ಊರಿನ ಎಮ್ಮೆಗೆ ಔಷಧ ಕೊಟ್ಟು ಗುಡ್ಡದ ಕಾಲುದಾರಿಯಲ್ಲಿ ವಾಪಸು ಬರುತ್ತಿದ್ದ. ಬಂಡೆಯ ತಿರುವಿನಲ್ಲಿ ಕುರಿಮಂದೆಯೊಂದು ಎದುರಾಯಿತು. ಮಂದೆಯ ಹಿಂದೆ ಕ್ಯಾತಣ್ಣ ಎಂಬ ಮುದುಕ, ಪುಟ್ಟಕ್ಕನ ಹಟ್ಟಿಗೆ ಪಕ್ಕದ ಹಟ್ಟಿಯವನು, ಯತ್ತಪ್ಪನ ಗುರುತಿಲ್ಲದವನು. ಖಾಕಿ ಕಂಡದ್ದೇ ಅವನ ಕೈಯಿಂದ ಕೋಲು ಜಾರಿತು.

"ತಪ್ಪಾತು ಸ್ವಾಮಿ. ಕಾಲಿಗೆ ಬೀಳ್ತೀನಿ. ಕುರಿಗೇನು ಗೊತ್ತು ಸ್ವಾಮಿ, ನುಗ್ಬುಟ್ವು. ಇದೊಂದು ಸಲ ಬುಟ್ಬುಡಿ."

ನಾನು ಗಾರ್ಡಲ್ಲಜ್ಜ, ದನದಾಸ್ಪತ್ರೆ ಜವಾನ ಎಂದು ಹೇಳುವುದಕ್ಕೆ ಯತ್ತಪ್ಪ ಬಾಯಿ ತೆರೆದ. ನಿಜಕ್ಕೂ ತೆರೆದ. ಆದರೆ ತನ್ನ ಅಜ್ಜನ ವಯಸ್ಸಿನವನು ತನ್ನ ಮುಂದೆ ಕೈ ಜೋಡಿಸಿ ನಿಂತದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಇನ್ನೊಂದು ಗಳಿಗೆ ಹೀಗೇ ಇರಲಿ ಎನಿಸಿತು. ಆ ಗಳಿಗೆ ಕಳೆಯುವುದರೊಳಗೆ ಹೇಳಬೇಕಾದ ಮಾತು ಹಳೆಯದಾಗಿಬಿಟ್ಟಿತ್ತು.

"ಇನ್ನೊಂದು ಸಲ ಕಂಡರೆ ದೊಡ್ಡಿಗೆ ಹೊಡೆಸುತ್ತೇನೆ" ಎಂದ ಯತ್ತಪ್ಪ, ತನ್ನ ಹಟ್ಟಿಯ ಮಾತನ್ನು ಪೂರ್ತಿ ನುಂಗಿಕೊಂಡು, ಡಾಕ್ಟರ ಹಾಗೆ.

ಮುದುಕ ಓಡಿಹೋಗಿ ಪೊದೆಯ ನೆರಳಲ್ಲಿಟ್ಟಿದ್ದ ತುಪ್ಪದ ಕುಡಿಕೆ ತಂದು ಎರಡೂ ಕೈಯಲ್ಲಿ ನೀಡಿದ. ಸಂತೆಗೆಂದು ಒಯ್ಯುತ್ತಿದ್ದುದು. ಬೇಡ ಎನ್ನಬಹುದಿತ್ತು. ಯತ್ತಪ್ಪ ತೆಗೆದುಕೊಂಡ. ಮನೆಯಲ್ಲಿ ಹೆಂಡತಿ ಹೊನ್ನಕ್ಕ ಮೂಸಿ ನೋಡಿ, "ನಮ್ಮ ಕಡೆ ಕುರಿತುಪ್ಪ ಇದ್ದಂಗೈತೆ, ಎಲ್ಲಿದು?" ಎಂದು ಕೇಳಿದಾಗ, ಡಾಕ್ಟರು ಕೊಟ್ಟರೆಂದ. ರೊಟ್ಟಿಗೆ ಹಚ್ಚಿಕೊಂಡು ತಿಂದ. ಗಂಟಲಿಗೇನೂ ಅಡ್ಡವಾಗಲಿಲ್ಲ, ಆ ಕಾಲಕ್ಕೆ.

ಒಂದೇ ಸಲಕ್ಕೆ ನಿಂತಿದ್ದರೆ ಇದನ್ನೊಂದು ಕತೆಯೆಂದು ಹೇಳುವ ಅಗತ್ಯ ಇರುತ್ತಿರಲಿಲ್ಲ. ಆಮೇಲೆ ರಸ್ತೆಯಲ್ಲಿ ಹೋಗಬಹುದಾದ ಊರಿಗೂ ಅವನು ಗುಡ್ಡದ ಮೇಲಿಂದಲೇ ಹೋಗತೊಡಗಿದ. ಒಬ್ಬರು ತುಪ್ಪ ಕೊಟ್ಟರು, ಒಬ್ಬರು ಉಣ್ಣೆ ಕೊಟ್ಟರು, ಒಬ್ಬ ಹೆಂಗಸು ತನ್ನ ಬುತ್ತಿಯನ್ನೇ ಬಿಚ್ಚಿಟ್ಟಳು. ಅವನಿಗೆ ತುಪ್ಪದ ಮೇಲೆ ಅಷ್ಟು ಆಸೆಯಿರಲಿಲ್ಲ. ಅವರು ಎದ್ದು ನಿಲ್ಲುವುದನ್ನು ನೋಡಬೇಕಿತ್ತು, ಅಷ್ಟೆ. ಬಸ್ಸಿನಲ್ಲಿ ಹೋದ ಮಾನವನ್ನು ಈ ಪಾಪದವರ ಹತ್ತಿರ ವಸೂಲು ಮಾಡುತ್ತಿದ್ದ ಎಂದರೂ ಆದೀತು. ಕಂಡಕ್ಟರನ ಸಾಲ ಕ್ಯಾತಣ್ಣ ತೀರಿಸಿದ.

ಕೊನೆಕೊನೆಗೆ ಅವರು ಎದುರಿಗೆ ಸಿಗುವುದೇ ನಿಂತುಹೋಯಿತು. ಅವನು ಗುಡ್ಡದ ಬುಡಕ್ಕೆ ಬಂದರೆ ಸಾಕು, ಮೇಲಿನಿಂದ ಒಂದು ಕೂಗು ಏಳುತ್ತಿತ್ತು. "ಕಂದೆತ್ತು ಬಂತೋ! ಕಂದೆತ್ತು!" ಕಂದುಬಣ್ಣದ ಎತ್ತು ತಪ್ಪಿಸಿಕೊಂಡು ಬಂದಿದೆ ಎಂದು ಹೊರಗಿನವರು ತಿಳಿಯಬೇಕು. ಯತ್ತಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಿಕ್ಕವನಿದ್ದಾಗ ಹುಲಿಕುಂಟೆಯ ಬೀಳಿನಲ್ಲಿ ಖಾಕಿ ಕಂಡಾಗಲೆಲ್ಲ ಗಂಟಲು ಹರಿಯುವಂತೆ ಅವನೂ ಹಾಗೇ ಕೂಗಿದ್ದ. ಮೊದಲ ಸಲ ಆ ಕೂಗು ತನಗೇ ಎಂದು ಗೊತ್ತಾದಾಗ ಅವನ ಮುಖ ಬಿಸಿಯಾಯಿತು. ಆದರೂ ಖಾಕಿ ಕಳಚಲಿಲ್ಲ.

ಎಪ್ಪತ್ತೊಂಬತ್ತನೆಯ ಇಸವಿಯ ಮುಂಗಾರು ಬೇಗ ಬಂತು. ಗುಡ್ಡದಲ್ಲಿ ಎಳೆ ಹುಲ್ಲು ಚಿಗುರಿತು, ನೀರು ನಿಲ್ಲುವ ಆಚೆಯ ಕೊರಕಲಿನಲ್ಲಂತೂ ದಟ್ಟವಾಗಿ. ಎಳೆ ಹುಲ್ಲು ಹೊಟ್ಟೆತುಂಬ ಮೇಯ್ದ ಕುರಿಗೆ ಕರುಳುಬೇನೆ ಬರುತ್ತದೆ. ಸಂಜೆ ನೆಗೆದಾಡಿದ ಕುರಿ ಬೆಳಗ್ಗೆ ಕಾಲು ಸೆಟೆದು ಬಿದ್ದಿರುತ್ತದೆ. ಮುಂಚೆಯೇ ಸೂಜಿಮದ್ದು ಹಾಕಿದರೆ ಬದುಕಿತು, ಇಲ್ಲದಿದ್ದರೆ ಇಲ್ಲ. ಮದ್ದು ಬೆಂಗಳೂರಿನಿಂದ ಬಂತು. ನಾಗಲಿಂಗಯ್ಯನವರು ಅದನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ಯತ್ತಪ್ಪನ ಕೈಗೆ ಕೊಟ್ಟರು. "ಹಟ್ಟಿಯವರು ನಿಮ್ಮ ಜನ. ನನಗಿಂತ ನಿನ್ನ ಮಾತು ಕೇಳ್ತಾರೆ. ಐಸು ಕರಗೋದರೊಳಗೆ ಹಾಕಿ ಮುಗಿಸು" ಎಂದರು.

ಯತ್ತಪ್ಪ ಹೋದ. ಕೂಗು ಎದ್ದಿತು. ಅವನು ಗುಡ್ಡ ಏರುವ ಹೊತ್ತಿಗೆ ಒಂದು ಕುರಿಯೂ ಕಣ್ಣಿಗೆ ಬೀಳಲಿಲ್ಲ. ಬಿಸಿ ಹಿಕ್ಕೆ ಮಾತ್ರ ಬಿದ್ದಿತ್ತು. ಮಂದೆಗಳನ್ನು ಆಚೆಯ ಕೊರಕಲಿಗೆ ಇಳಿಸಿದ್ದಾರೆಂದು ಅವನಿಗೆ ಗೊತ್ತು. ಖಾಕಿ ಬಿಚ್ಚಿ ಪಂಚೆ ಉಟ್ಟು ನೇರ ಹಟ್ಟಿಗಳಿಗೆ ಹೋಗಬಹುದಿತ್ತು. ಆದರೆ ಹೋದರೆ ಮುಖ ಕಾಣುತ್ತದೆ. ನಮ್ಮ ತುಪ್ಪ ತಿಂದ ಗಾರ್ಡು ಇವನೇ ಎಂದು ಕ್ಯಾತಣ್ಣನೋ ಇನ್ನೊಬ್ಬನೋ ಬೆರಳು ತೋರಿಸುತ್ತಾನೆ. ಸುದ್ದಿ ಸಂಜೆಯೊಳಗೆ ಅಕ್ಕನ ಹಟ್ಟಿಗೆ ಮುಟ್ಟುತ್ತದೆ. ಖಾಕಿಯಲ್ಲಿ ಹೋದರೆ ಕುರಿ ಸಿಗುವುದಿಲ್ಲ, ಖಾಕಿ ಬಿಟ್ಟು ಹೋದರೆ ಮಾನ ಉಳಿಯುವುದಿಲ್ಲ. ಬಂಡೆಯ ಮೇಲೆ ಬಹಳ ಹೊತ್ತು ಕೂತು ಯೋಚಿಸಿದ. ಆಮೇಲೆ ಇಳಿದು ಬಂದು ಡಾಕ್ಟರಿಗೆ ಹೇಳಿದ: "ಕುರಿಗಳೆಲ್ಲ ವಲಸೆ ಹೋಗಿವೆ ಸಾರ್. ಹಟ್ಟಿ ಖಾಲಿ."

ಹಟ್ಟಿಯವನೇ ಹೇಳಿದ ಮೇಲೆ ಡಾಕ್ಟರು ನಂಬದಿರುತ್ತಾರೆಯೇ? ಮದ್ದಿನ ಬಹುಪಾಲನ್ನು ಮಧುಗಿರಿ ರಸ್ತೆಯ ಹಳ್ಳಿಗಳಿಗೆ ಹಂಚಿಬಿಟ್ಟರು. ಯತ್ತಪ್ಪ ತಾನೇ ಹೋಗಿ ಹಾಕಿ ಬಂದ, ಅಲ್ಲಿಯವರು ಅವನಿಗೆ ಕುರ್ಚಿ ಹಾಕಿದರು. ಒಂದು ವಾರ ಅವನು ಅನ್ನ ಸರಿಯಾಗಿ ತಿನ್ನಲಿಲ್ಲ. ಏನೂ ಆಗದೆ ದಾಟಿಹೋಗಲಿ ಎಂದು ಮನೆದೇವರಿಗೆ ಹರಕೆ ಕಟ್ಟಿಕೊಂಡ. ತಾನು ಮಾಡಬೇಕಾದ ಕೆಲಸವನ್ನು ದೇವರ ತಲೆಗೆ ಕಟ್ಟುವುದು ಸುಲಭ.

ದಾಟಿಹೋಗಲಿಲ್ಲ. ಒಂದು ಬೆಳಗ್ಗೆ ಅವನು ಬಾಗಿಲು ತೆಗೆಯುತ್ತಿರುವಾಗ ಡಾಕ್ಟರು ಹಿಂದಿನಿಂದ ಬಂದು ನಿಂತರು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರು.

"ವಲಸೆ ಹೋದ ಕುರಿ ಗುಡ್ಡದ ಆಚೆ ಸಾಯ್ತಾ ಬಿದ್ದಿವೆಯಂತಲ್ಲೋ! ಏನು ಕತೆ ಇದು?"

ಯತ್ತಪ್ಪ ತಲೆ ತಗ್ಗಿಸಿದ.

"ನಿನ್ನ ತಲೆಹರಟೆ ಆಮೇಲೆ ವಿಚಾರಿಸ್ತೀನಿ. ಉಳಿದ ಮದ್ದೆಲ್ಲ ಈ ಫ್ಲಾಸ್ಕಿನಲ್ಲಿದೆ. ಬೇನೆ ತಗಲದ ಮಂದೆಗಾದರೂ ಹಾಕು. ಫ್ಲಾಸ್ಕು ಬರಿದಾಗದೆ ನನಗೆ ಮುಖ ತೋರಿಸಬೇಡ."

ಅವನು ಓಡುತ್ತಲೇ ಹೋದ. ಗುಡ್ಡದ ಬುಡ ಮುಟ್ಟುವ ಮೊದಲೇ ಕೂಗು ಎದ್ದಿತು, "ಕಂದೆತ್ತು ಬಂತೋ!" ಮೇಲೆ ಮಂದೆಗಳು ಚದುರುವ ಸದ್ದು ಕೇಳಿಸಿತು. ಇವತ್ತೂ ಅವು ಕೊರಕಲಿಗಿಳಿದು ಎಳೆ ಹುಲ್ಲಿಗೆ ಬಾಯಿ ಹಾಕುತ್ತವೆ ಎಂಬುದು ಅವನಿಗೆ ಆಗ ಹೊಳೆಯಿತು. ತಾನು ಬಂದಾಗಲೆಲ್ಲ ಹಾಗೇ ಆಗಿತ್ತು. ಮದ್ದಿಲ್ಲದ ಕುರಿಗಳನ್ನು ತಾನೇ ಬೇನೆಯ ಬಾಯಿಗೆ ಅಟ್ಟಿದ್ದ.  ಅಲ್ಲೇ ಖಾಕಿ ಅಂಗಿ, ಪ್ಯಾಂಟು ಕಿತ್ತೆಸೆದು, ಬರೀ ಬನಿಯನ್, ಪಟಾಪಟಿ ಚಡ್ಡಿಯಲ್ಲಿ, ಫ್ಲಾಸ್ಕು ತೂಗುಹಾಕಿಕೊಂಡು ಗುಡ್ಡ ಹತ್ತಿದ.

ಬಂಡೆಯ ಹತ್ತಿರ ಕ್ಯಾತಣ್ಣ ಸಿಕ್ಕಿದ. ಮುದುಕನ ಕಣ್ಣು ಚುರುಕು, ಬಟ್ಟೆ ಬಿಚ್ಚಿದರೂ ಮುಖದ ಗುರುತು ಹತ್ತಿತು.

"ಲೋ, ಏಸ ಮರ್ಸ್ಕೊಂಡು ಬಂದವ್ನೆ ಕಣ್ರಲಾ! ಗಾರ್ಡು! ಹೊಡೀರಿ ಕುರಿಯಾ, ಹೊಡೀರಿ!"

ನಾಲ್ಕು ಕಡೆಯಿಂದ ಕುರಿಗಳು ಇಳಿಜಾರಿಗೆ ನುಗ್ಗಿದವು. ಯತ್ತಪ್ಪ ನಿಲ್ಲಿ ನಿಲ್ಲಿ ಎಂದು ಕಿರುಚಿದ್ದು ಯಾರಿಗೂ ಬೇಕಾಗಲಿಲ್ಲ. ಆಗ ಅವನು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಅವರ ಹಟ್ಟಿಗಳಲ್ಲಿ ಕುರಿ ತರುಬಲು ಕೂಗುವ ಕೂಗನ್ನು ಕೂಗಿದ. ಎಷ್ಟೋ ವರ್ಷದಿಂದ ಕೂಗಿರಲಿಲ್ಲ, ಗಂಟಲು ಒಡೆಯಿತು. ಆದರೂ ಮುಂದಿನ ಕುರಿ ನಿಂತಿತು. ಅದರ ಹಿಂದಿನವು ಅದಕ್ಕೆ ಢಿಕ್ಕಿ ಹೊಡೆದು ನಿಂತವು. ಮನುಷ್ಯರೂ ನಿಂತು ತಿರುಗಿ ನೋಡಿದರು. ಆ ಕೂಗು ಯಾವ ಗಾರ್ಡಿಗೂ ಬರುವಂಥದಲ್ಲ.

"ಯಾರ್ಲಾ ನೀನು?" ಎಂದ ಕ್ಯಾತಣ್ಣ, ಹತ್ತಿರ ಬಂದು.

"ದನದಾಸ್ಪತ್ರೆ ಜವಾನ ಕಣಜ್ಜ. ಹುಲಿಕುಂಟೆ ಕಡೆ ಹಟ್ಟಿಯೋನು. ದಾಸಣ್ಣನ ಹೆಂಡ್ರು ಪುಟ್ಟಕ್ಕನ ತಮ್ಮ. ಗಾರ್ಡಲ್ಲ. ಯಾವತ್ತೂ ಗಾರ್ಡಾಗಿರ್ಲಿಲ್ಲ."

ಮುದುಕ ಕೋಲನ್ನು ನೆಲಕ್ಕೂರಿದ. ಹೊಡೆದಿದ್ದರೆ ಯತ್ತಪ್ಪನಿಗೆ ಹಗುರಾಗುತ್ತಿತ್ತು.

"ನಮ್ಮೋನಾ ನೀನು?" ಎಂದ ಕ್ಯಾತಣ್ಣ. "ಗಾರ್ಡು ತಿಂದ್ರೆ ತಿನ್ಲಿ, ಹೊರಗಿನೋನು, ನಮ್ಮ ಕಷ್ಟ ಅವನಿಗೇನು ಗೊತ್ತು ಅಂತ ಸುಮ್ಕಿದ್ವಿ. ಕುರಿ ಹಾಲು ಕುಡ್ದು ಬೆಳ್ದೋನು, ನನ್ನಂಥ ಮುದುಕನ ಕೈಲಿ ಕಾಲಿಗೆ ಬೀಳ್ತೀನಿ ಅನ್ನಿಸ್ಕಂಡು ನಿಂತಿದ್ಯಲ್ಲಪ್ಪ. ನಿಂಗೆ ಹೆಂಗೆ ಮನ್ಸು ಬಂತು?"

 ನೆಲ ಬಾಯಿ ಬಿಟ್ಟರೆ ಯತ್ತಪ್ಪ ಒಳಗೆ ಹೋಗಲು ಸಿದ್ಧನಾಗಿದ್ದ. ಆದರೆ ಐಸು ಕರಗುತ್ತಿತ್ತು. "ಮದ್ದು ಹಾಕ್ತೀನಿ ಅಜ್ಜ, ಕುರಿ ಹಿಡ್ಕೊಡಿ. ಆಮೇಲೆ ಬೇಕಾದ್ದು ಮಾಡಿ" ಎಂದಷ್ಟೇ ಹೇಳಿದ. ಕ್ಯಾತಣ್ಣ ಬಂಡೆಯ ಮೇಲೆ ಹತ್ತಿ ಮಿಕ್ಕವರನ್ನು ಕರೆದ. ಬಂದವರು ಕುರಿ ಹಿಡಿದುಕೊಟ್ಟರು, ಅವನ ಮುಖ ಮಾತ್ರ ನೋಡಲಿಲ್ಲ. ತೊಡೆಸಂದಿಯಲ್ಲಿ ಕುರಿಯ ಕೊರಳು ಹಿಡಿದು, ಚರ್ಮ ಎತ್ತಿ, ಸೂಜಿ ಚುಚ್ಚಿ ಬಿಡುತ್ತ ಹೋದ. ಬಿಗಿ ಪ್ಯಾಂಟಿನಲ್ಲಿ ಇಷ್ಟು ಚುರುಕಾಗಿ ಆಗುತ್ತಿರಲಿಲ್ಲ ಎಂಬುದು ಆ ಹೊತ್ತಿನಲ್ಲೂ ಅವನಿಗೆ ತೋಚಿತು, ತೋಚಿದ್ದಕ್ಕೇ ಇನ್ನಷ್ಟು ಹೇಸಿಕೆಯಾಯಿತು.

ಗುಡ್ಡದ ಮೇಲಿನವು ಮುಗಿದಾಗ ಕ್ಯಾತಣ್ಣನೇ, "ಇನ್ನು ದಾಸಣ್ಣನ ಮಂದೆ ಐತೆ. ರೊಪ್ಪದಾಗೇ ಕೂಡವ್ರೆ. ನಡಿ, ನಾನೂ ಬತ್ತೀನಿ" ಎಂದ.

ಪುಟ್ಟಕ್ಕನ ಕುರಿರೊಪ್ಪದ ಮುಳ್ಳುಬೇಲಿಯ ಹೊರಗೆ ಸತ್ತ ಕುರಿಗಳನ್ನು ಸಾಲಾಗಿ ಮಲಗಿಸಿದ್ದರು. ಅದರಲ್ಲಿ ಎರಡು ಗಬ್ಬದವು. ದಾಸಣ್ಣ ಮಂಡಿಯ ಮೇಲೆ ತಲೆಯಿಟ್ಟು ಕೂತಿದ್ದ. ತಮ್ಮನನ್ನು ಕಂಡು ಪುಟ್ಟಕ್ಕ ಎದ್ದು ಬಂದಳು, ಕಣ್ಣು ಊದಿತ್ತು.

"ಇದೇನ್ಲಾ ಯತ್ತ, ಬಟ್ಟೆ ಎಲ್ಲೋ? ಓಡ್ಕೊಂಡೇ ಬಂದ್ಯಾ? ಈಗ ಬಂದ್ಯಲ್ಲೋ ತಮ್ಮ, ಎಲ್ಲ ಹೋದ್ಮೇಲೆ. ನಿಂದೇನು ತಪ್ಪು ಬುಡು, ನಿಂಗೆ ಯಾರು ಹೇಳ್ತಾರೆ. ಆ ಗಾರ್ಡು ಬತ್ತಾನೆ ಅಂತ ನಿನ್ನ ಭಾವ ಕುರಿಯ ಕೊರಕ್ಲಿಗೆ ಇಳಿಸ್ದ. ಅಲ್ಲಿ ಮೇಯ್ದು ಬಂದವು ಬೆಳಗಾಗೋದ್ರಾಗೆ ಇಂಗೆ ಬಿದ್ವು."

ಯತ್ತಪ್ಪ ಕ್ಯಾತಣ್ಣನ ಕಡೆ ನೋಡಿದ. ಮುದುಕ ಬೇಲಿಯ ಮುಳ್ಳು ಸರಿಮಾಡುವವನ ಹಾಗೆ ಬಗ್ಗಿಕೊಂಡು, "ಬುಡಮ್ಮ. ಆ ಗಾರ್ಡು ಇನ್ನ ಬರಾಕಿಲ್ಲ" ಎಂದ. ನಿಜ ಹೇಳದೆ ಅವನನ್ನು ಉಳಿಸಿದ. ಇಷ್ಟು ಸಾಕು, ಇಲ್ಲಿಗೆ ಮುಗಿಯಿತು ಎಂದು ಯತ್ತಪ್ಪನ ಜೀವ ಒಂದು ಗಳಿಗೆ ಹಗುರಾಯಿತು. ಆ ಹಗುರಾದದ್ದನ್ನು ಅವನು ಮುಂದೆ ಎಂದೂ ಕ್ಷಮಿಸಿಕೊಳ್ಳಲಿಲ್ಲ.

"ಬರ್ದಿದ್ರೆ ಬುಡ್ತೀನಾ?" ಎಂದಳು ಪುಟ್ಟಕ್ಕ. ರೊಪ್ಪದ ಬಾಗಿಲಿಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಹಿಡಿ ಮಣ್ಣು ತುಂಬಿಕೊಂಡಳು. "ನನ್ನ ಗಬ್ಬದ ಕುರಿ ಬಿದ್ದಂಗೆ ಅವನ ಮನೆ ಬೀಳ್ಲಿ. ಅವನ ಮನೇಲಿ ದೀಪ ಹಚ್ಚೋರು..."

ಹಟ್ಟಿಯ ಹೆಣ್ಣುಮಗಳು ರೊಪ್ಪದ ಬಾಗಿಲಲ್ಲಿ ನಿಂತು ಮಣ್ಣು ತೂರಿ ಆಡಿದ ಮಾತು ತಟ್ಟಿಯೇ ತೀರುತ್ತದೆ ಎಂದು ಅವರ ನಂಬಿಕೆ. ಯತ್ತಪ್ಪನೂ ನಂಬಿದ್ದ. ಸೂಜಿಮದ್ದಿನ ಜವಾನನಾದರೇನು, ರಕ್ತ ಅದೇ. ತವರಿನ ಮೇಲೆ ಹೆಣ್ಣುಮಗಳೇ ಮಣ್ಣು ತೂರುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು, ಅವಳಿಗೆ ತೂರುತ್ತಿರುವುದು ಎಲ್ಲಿಗೆಂದು ಗೊತ್ತಿರಲಿಲ್ಲ. ಅವಳ ಕೈ ತಲೆಯ ಮೇಲಕ್ಕೆ ಹೋಗಿತ್ತು. ಯತ್ತಪ್ಪ ಹಾರಿ ಹೋಗಿ ಮಣಿಕಟ್ಟು ಹಿಡಿದುಕೊಂಡ.

"ತೂರಬ್ಯಾಡ ಅಕ್ಕ. ಆ ಮನೆ ನಮ್ದೇ."

"ಏನಂದೆ?"

"ಗಾರ್ಡು ಯಾರೂ ಬರ್ಲಿಲ್ಲ. ಖಾಕಿ ಹಾಕ್ಕಂಡು ಬತ್ತಿದ್ದೋನು ನಾನೇ. ಮದ್ದು ಬಂದಾಗ, ಕುರಿ ಇಲ್ಲ ಅಂತ ಡಾಕ್ಟ್ರಿಗೆ ಸುಳ್ಳು ಹೇಳ್ದೋನೂ ನಾನೇ."

ಪುಟ್ಟಕ್ಕ ಕ್ಯಾತಣ್ಣನ ಕಡೆ ನೋಡಿದಳು. ಅವನು ಅಲ್ಲ ಎನ್ನಲಿಲ್ಲ. ಮುಷ್ಟಿಯಲ್ಲಿದ್ದ ಮಣ್ಣು ಬೆರಳ ಸಂದಿಯಿಂದ ಯತ್ತಪ್ಪನ ತೋಳಿನ ಮೇಲೆ ಸುರಿಯಿತು. ಅವಳು ತನ್ನ ಕೈ ಬಿಡಿಸಿಕೊಂಡಳು, ಜೋರಾಗಿ ಏನೂ ಅಲ್ಲ.  ಕೈಯನ್ನು ಸೀರೆಗೆ ಒರೆಸಿಕೊಂಡು ರೊಪ್ಪದೊಳಗೆ ಹೋಗಿ, ಉಳಿದ ಕುರಿಗಳಲ್ಲಿ ಒಂದರ ಕೊರಳು ಹಿಡಿದು ಎಳೆದು ತಂದಳು. ಅವನ ಮುಂದೆ ನಿಲ್ಲಿಸಿದಳು. ತಲೆ ಎತ್ತಲಿಲ್ಲ.

"ಹಾಕಿ ಸ್ವಾಮಿ" ಎಂದಳು. "ಹಿಡ್ಕಂಡಿವ್ನಿ, ಹಾಕಿ."

ಯತ್ತಪ್ಪ ಚರ್ಮ ಎತ್ತಿ ಸೂಜಿ ಚುಚ್ಚಿದ. ಅವಳು ಒಂದಾದ ಮೇಲೊಂದು ಕುರಿ ತಂದು ನಿಲ್ಲಿಸಿದಳು, ಒಂದೊಂದಕ್ಕೂ ಅದೇ ಮಾತು. ಯತ್ತಪ್ಪನಿಗೆ ಕಣ್ಣು ಮಂಜಾದರೂ ಒಂದು ಕುರಿಗೂ ತಪ್ಪಾಗದಂತೆ ಹಾಕಿದ. ಸೂಜಿ ಬಿದ್ದವುಗಳಲ್ಲಿ ಬಹಳಷ್ಟು ಬದುಕಿದವು.

ಡಾಕ್ಟರು ವಿಚಾರಿಸಿದರು, ಸಂಬಳ ಹಿಡಿದರು, ಕೆಲಸ ತೆಗೆಯಲಿಲ್ಲ. ಖಾಕಿಯನ್ನು ಅವನು ಆಮೇಲೂ ತೊಟ್ಟ, ಜವಾನನಾದ ಮೇಲೆ ತೊಡಲೇಬೇಕಲ್ಲ. ಭುಜದ ಪಟ್ಟಿ ಮಾತ್ರ ಅಂದೇ ಸಂಜೆ ಹಲ್ಲಿನಿಂದ ಕಚ್ಚಿ ಕಿತ್ತುಹಾಕಿದ್ದ. ಎಂಬತ್ತರ ದಶಕದುದ್ದಕ್ಕೂ ಅದೇ ಆಸ್ಪತ್ರೆಯಲ್ಲಿ ದುಡಿದ. ಮುಂಗಾರಿಗೆ ಮುಂಚೆ ಎಲ್ಲರಿಗಿಂತ ಮೊದಲು ಆ ಹಟ್ಟಿಗಳಿಗೆ ಹೋಗುತ್ತಿದ್ದ. ಕ್ಯಾತಣ್ಣ ಸಾಯುವ ಹೊತ್ತಿಗೆ ಅವನನ್ನು ಹೆಸರು ಹಿಡಿದು ಕರೆಯುವಷ್ಟು ಮೆತ್ತಗಾಗಿದ್ದ.

ಪುಟ್ಟಕ್ಕನೂ ಅವನನ್ನು ಹೊರಗಿಡಲಿಲ್ಲ. ಹೋದರೆ ಚಾಪೆ ಹಾಸುತ್ತಾಳೆ, ನೀರು ಕೊಡುತ್ತಾಳೆ, ಮುದ್ದೆ ಬಡಿಸುತ್ತಾಳೆ. "ಬನ್ನಿ, ಕುಂತ್ಕಳಿ, ಉಣ್ಣಿ" ಅನ್ನುತ್ತಾಳೆ, ಊರಿನ ದೊಡ್ಡವರಿಗೆ ಅನ್ನುವ ಹಾಗೆ. ನೋಡಿದವರು, ಸರ್ಕಾರಿ ಕೆಲಸದ ತಮ್ಮನಿಗೆ ಅಕ್ಕ ಎಷ್ಟು ಮರ್ಯಾದೆ ಕೊಡುತ್ತಾಳೆ ಎಂದು ಮೆಚ್ಚುತ್ತಾರೆ. ಯತ್ತಪ್ಪ ತಲೆ ಎತ್ತದೆ ಉಣ್ಣುತ್ತಾನೆ. ಒಂದು ಸಲ 'ಲೇ' ಅನ್ನಕ್ಕ ಎಂದು ಕೇಳಲು ಅವನಿಗೆ ಇವತ್ತಿಗೂ ಬಾಯಿ ಬಂದಿಲ್ಲ.